ಗುಗ್ಗುಳದ ಗಿಡ: ಅದರ ಉಪಯೋಗ, ನಾಶ ಮತ್ತು ಸಂರಕ್ಷಣೆ

ಗುಗ್ಗುಳದ ಹೊಗೆಯ ಪರಿಚಯವಿಲ್ಲದ ಮನೆಯು ಕನ್ನಡನಾಡಿನಲ್ಲಿ ವಿರಳವೆನ್ನಬಹುದು. ದೇವರ ಮುಂದೆ ಧೂಪವಾಗಿಯೂ, ಬಾಣಂತಿಯ ಕೋಣೆಯಲ್ಲಿ ಹೊಗೆಯಾಗಿಯೂ, ವೈದ್ಯರ ಪೆಟ್ಟಿಗೆಯಲ್ಲಿ ಗುಳಿಗೆಯಾಗಿಯೂ ಅದು ಬಹುಕಾಲದಿಂದ ಬಳಕೆಯಲ್ಲಿದೆ. ಉತ್ತರ ಕರ್ನಾಟಕದಲ್ಲಿ ವೀರಭದ್ರನು ಮನೆದೇವರಾಗಿರುವ ಕುಟುಂಬಗಳು ಮದುವೆ ಮೊದಲಾದ ಶುಭಕಾರ್ಯಗಳಲ್ಲಿ ನಡೆಸುವ ಉತ್ಸವಕ್ಕೆ ‘ಗುಗ್ಗಳ’ವೆಂದೇ ಹೆಸರು. ಆದರೆ ಈ ಪದಾರ್ಥವು ಯಾವ ಗಿಡದಿಂದ ದೊರೆಯುತ್ತದೆ, ಆ ಗಿಡವು ಎಲ್ಲಿ ಬೆಳೆಯುತ್ತದೆ, ಅದರಿಂದ ಗೋಂದನ್ನು ಹೇಗೆ ತೆಗೆಯುತ್ತಾರೆ ಎಂಬುದನ್ನು ಬಲ್ಲವರು ಕೆಲವರೇ. ಈಗ ಇದನ್ನು ತಿಳಿಯುವುದು ಅತ್ಯಾವಶ್ಯಕವಾಗಿದೆ. ಏಕೆಂದರೆ ಪ್ರಕೃತಿ ಸಂರಕ್ಷಣೆಯ ಅಂತರರಾಷ್ಟ್ರೀಯ ಒಕ್ಕೂಟವು ತನ್ನ ಕೆಂಪು ಪಟ್ಟಿಯಲ್ಲಿ ೨೦೧೫ನೆಯ ಇಸವಿಯಿಂದ ಈ ಗಿಡವನ್ನು ಅತ್ಯಂತ ಅಪಾಯಕ್ಕೆ ಸಿಕ್ಕಿದ ಸಸ್ಯಗಳ ಗುಂಪಿಗೆ ಸೇರಿಸಿದೆ. ಮೂರು ಸಾವಿರ ವರ್ಷಗಳಿಗೆ ಹತ್ತಿರವಾಗಿ ಜನರಿಗೆ ಔಷಧವನ್ನೊದಗಿಸಿದ ಗಿಡವು ಕೆಲವೇ ತಲೆಮಾರುಗಳಲ್ಲಿ ಈ ಸ್ಥಿತಿಗೆ ಬಂದುದರ ಕಾರಣವೂ, ಅದಕ್ಕೆ ಪರಿಹಾರವೂ ಗೋಂದು ತೆಗೆಯುವವನ ಕೈಯಲ್ಲಿಯೇ ಬಹುಮಟ್ಟಿಗೆ ಇವೆ.

ಹೆಸರು ಮತ್ತು ನೆಲೆ

ಗುಗ್ಗುಳದ ಗಿಡಕ್ಕೆ ಸಂಸ್ಕೃತದಲ್ಲಿ ಗುಗ್ಗುಲು, ಹಿಂದಿಯಲ್ಲಿ ಗೂಗಲ್ ಎಂದು ಹೆಸರು. ಸಸ್ಯಶಾಸ್ತ್ರದಲ್ಲಿ ಇದನ್ನು ಕಾಮಿಫೊರಾ ವೈಟಿಯೈ ಎಂದು ಕರೆಯುತ್ತಾರೆ. ದಕ್ಷಿಣ ಭಾರತದ ಸಸ್ಯಗಳನ್ನು ಸಂಗ್ರಹಿಸಿ ಹೆಸರಾದ ರಾಬರ್ಟ್ ವೈಟ್ ಎಂಬಾತನ ನೆನಪಿಗಾಗಿ ಈ ಹೆಸರು ಬಂದಿದೆ. ಹಳೆಯ ಪುಸ್ತಕಗಳಲ್ಲಿ ಇದೇ ಗಿಡವನ್ನು ಬಾಲ್ಸಮೊಡೆಂಡ್ರಾನ್ ಮುಕುಲ್ ಎಂದೂ, ಕಾಮಿಫೊರಾ ಮುಕುಲ್ ಎಂದೂ ಬರೆದಿರುವುದು ಕಂಡುಬರುತ್ತದೆ. ಬಾಣಂತಿಯರ ಔಷಧಿಗಳಲ್ಲಿ ಸೇರುವ ಬಾಳಂತಬೋಳವು ಅರಬ್ಬೀ ಮತ್ತು ಆಫ್ರಿಕಾ ದೇಶಗಳಲ್ಲಿ ಬೆಳೆಯುವ ಇದೇ ಜಾತಿಯ ಮತ್ತೊಂದು ಗಿಡದ ಗೋಂದು.

ರಾಜಸ್ಥಾನದ ಜೈಸಲ್ಮೇರ್, ಬಾಡ್ಮೇರ್, ಜೋಧಪುರ, ಅಜ್ಮೀರ ಮೊದಲಾದ ಸೀಮೆಗಳು, ಗುಜರಾತಿನ ಕಚ್ಛ ಮತ್ತು ಕಾಠಿಯಾವಾಡ, ಪಾಕಿಸ್ತಾನದ ಸಿಂಧ್ ಮತ್ತು ಬಲೂಚಿಸ್ತಾನಗಳು ಈ ಗಿಡದ ಮುಖ್ಯ ನೆಲೆಗಳು. ಕರ್ನಾಟಕದ ಒಣ ಸೀಮೆಗಳಲ್ಲಿಯೂ ಇದು ಅಲ್ಲಲ್ಲಿ ಇರುವುದಾಗಿ ಸಸ್ಯಶಾಸ್ತ್ರದ ಗ್ರಂಥಗಳು ಹೇಳುತ್ತವೆ. ಕಲ್ಲುಗುಡ್ಡಗಳ ಇಳಿಜಾರು, ಮರಳುಮಿಶ್ರಿತ ಭೂಮಿ, ಸಾರವಿಲ್ಲದ ಗೊರಚು ನೆಲ ಇವುಗಳಲ್ಲಿ ಇದು ಸಹಜವಾಗಿ ಬೆಳೆಯುತ್ತದೆ. ಬೇರೆ ಬೆಳೆಗಳು ಮೊಳೆಯುವುದಕ್ಕೇ ಹೆದರುವಷ್ಟು ಕಡಮೆ ಮಳೆಯಲ್ಲಿಯೂ, ಬೇಸಿಗೆಯ ಉರಿಬಿಸಿಲಿನಲ್ಲಿಯೂ ಇದು ಜೀವ ಹಿಡಿದುಕೊಂಡಿರಬಲ್ಲುದು. ಆದರೆ ಬುಡದಲ್ಲಿ ನೀರು ನಿಂತರೆ ಮಾತ್ರ ಸಹಿಸಲಾರದು.

ಗಿಡದ ಲಕ್ಷಣ

ಗುಗ್ಗುಳವು ದೊಡ್ಡ ಮರವಲ್ಲ; ಸಾಮಾನ್ಯವಾಗಿ ಆಳೆತ್ತರಕ್ಕೂ, ಅನುಕೂಲವಾದ ಸ್ಥಳದಲ್ಲಿ ೧೦ ರಿಂದ ೧೨ ಅಡಿಗಳವರೆಗೂ ಬೆಳೆಯುವ ಪೊದೆಯಂಥ ಗಿಡ. ಕೊಂಬೆಗಳು ಅಂಕುಡೊಂಕಾಗಿ ಹೊರಟು ತುದಿಯಲ್ಲಿ ಮುಳ್ಳಾಗುತ್ತವೆ. ಹೊರತೊಗಟೆಯು ಬೂದಿಬಣ್ಣದ ತೆಳುವಾದ ಕಾಗದದಂತೆ ಸುರುಳಿ ಸುರುಳಿಯಾಗಿ ಏಳುತ್ತದೆ. ಅದರ ಕೆಳಗೆ ಹಸುರು ತೊಗಟೆ ಇದೆ. ಎಲೆಗಳು ಚಿಕ್ಕವು, ಒಂದೊಂದಾಗಿಯೋ ಮೂರುಮೂರಾಗಿಯೋ ಇರುತ್ತವೆ. ಮಳೆ ಬಿದ್ದಕೂಡಲೆ ಚಿಗುರಿ, ನೆಲದ ತೇವವು ಆರಿದಂತೆಲ್ಲ ಉದುರಿಹೋಗುತ್ತವೆ. ಆದಕಾರಣ ವರ್ಷದ ಬಹುಭಾಗದಲ್ಲಿ ಗಿಡವು ಬೋಳಾಗಿ ಒಣಗಿದಂತೆ ಕಾಣುತ್ತದೆ. ಆ ಕಾಲದಲ್ಲಿ ಹಸುರು ತೊಗಟೆಯೇ ಅದರ ಜೀವಕ್ಕೆ ಆಧಾರ. ಹೂಗಳು ಬಹಳ ಸಣ್ಣವು, ನಸುಗೆಂಪು. ಹಣ್ಣು ಮಾಗಿದಾಗ ಕೆಂಪಾಗುತ್ತದೆ.

ಈ ಗಿಡದ ಸಂತಾನಕ್ರಮವು ವಿಚಿತ್ರವಾದುದು. ನಿಸರ್ಗದಲ್ಲಿ ಕಾಣುವ ಗಿಡಗಳಲ್ಲಿ ಬಹುಪಾಲು ಹೆಣ್ಣುಗಿಡಗಳು. ಗಂಡುಗಿಡಗಳು ಅತಿ ವಿರಳ. ಪರಾಗಸ್ಪರ್ಶವಿಲ್ಲದೆಯೇ ಬೀಜ ಕಟ್ಟುವ ಶಕ್ತಿಯು ಹೆಣ್ಣುಗಿಡಕ್ಕೆ ಉಂಟೆಂಬುದನ್ನು ೧೯೯೬ರಲ್ಲಿ ಭಾರತದ ಸಸ್ಯಶಾಸ್ತ್ರಜ್ಞರು ಪ್ರಕಟಿಸಿದರು. ಇದರಿಂದ ಗಿಡಕ್ಕೆ ಅನುಕೂಲವೂ ಇದೆ, ಅಪಾಯವೂ ಇದೆ. ಒಂಟಿ ಗಿಡವೂ ಬೀಜ ಬಿಡಬಲ್ಲುದೆಂಬುದು ಅನುಕೂಲ. ಹಾಗೆ ಹುಟ್ಟಿದ ಸಸಿಗಳೆಲ್ಲವೂ ತಾಯಿಯ ಪಡಿಯಚ್ಚುಗಳೇ ಆಗಿರುವುದರಿಂದ, ಒಂದು ಪ್ರದೇಶದ ಗಿಡಗಳು ನಾಶವಾದರೆ ಆ ತಳಿಯ ಗುಣವೇ ಶಾಶ್ವತವಾಗಿ ಹೋಗಬಹುದೆಂಬುದು ಅಪಾಯ.

ಪೂರ್ವಿಕರ ಉಪಯೋಗಗಳು

ಗುಗ್ಗುಳದ ಧೂಪವು ರೋಗನಿವಾರಕವೆಂಬ ನಂಬಿಕೆಯು ಅಥರ್ವವೇದದ ಕಾಲಕ್ಕೇ ಇದ್ದಿತು. ಚರಕ ಮತ್ತು ಸುಶ್ರುತ ಸಂಹಿತೆಗಳಲ್ಲಿ ಇದನ್ನು ಒಳಗೆ ಸೇವಿಸುವ ಔಷಧವಾಗಿಯೂ ಹೇಳಿದೆ. ಸಂಧಿವಾತ, ಊತ, ಹುಣ್ಣು, ಗಂಟುಗಳು, ಮೂಳೆ ಮುರಿತ, ಮೇದೋರೋಗ ಎಂದರೆ ಅತಿಯಾದ ಕೊಬ್ಬಿನ ವ್ಯಾಧಿ, ಇವು ಅದನ್ನು ಪ್ರಯೋಗಿಸುವ ಮುಖ್ಯ ಸಂದರ್ಭಗಳು. ಯೋಗರಾಜ ಗುಗ್ಗುಲು, ಕೈಶೋರ ಗುಗ್ಗುಲು, ತ್ರಿಫಲಾ ಗುಗ್ಗುಲು, ಗೋಕ್ಷುರಾದಿ ಗುಗ್ಗುಲು, ಕಾಂಚನಾರ ಗುಗ್ಗುಲು, ಲಾಕ್ಷಾದಿ ಗುಗ್ಗುಲು ಎಂಬ ಗುಳಿಗೆಗಳು ಇಂದಿಗೂ ಆಯುರ್ವೇದದ ಅಂಗಡಿಗಳಲ್ಲಿ ದೊರೆಯುತ್ತವೆ. ಇವುಗಳಲ್ಲಿ ಇತರ ಮೂಲಿಕೆಗಳ ಚೂರ್ಣವನ್ನು ಕೂಡಿಸಿ ಹಿಡಿದಿಡುವ ಅಂಟೂ ಗುಗ್ಗುಳವೇ.

ಭಾವಪ್ರಕಾಶದಲ್ಲಿ ಬಣ್ಣದ ಮೇಲೆ ಗುಗ್ಗುಳವನ್ನು ಮಹಿಷಾಕ್ಷ, ಮಹಾನೀಲ, ಕುಮುದ, ಪದ್ಮ, ಹಿರಣ್ಯ ಎಂದು ಐದು ಬಗೆಯಾಗಿ ವಿಂಗಡಿಸಿದೆ. ಮೊದಲಿನೆರಡು ಆನೆಗಳಿಗೆ, ಮುಂದಿನೆರಡು ಕುದುರೆಗಳಿಗೆ, ಹೊಂಬಣ್ಣದ ಹಿರಣ್ಯವು ಮನುಷ್ಯರಿಗೆ ಹಿತವೆಂದು ಹೇಳಿ, ಮಹಿಷಾಕ್ಷವನ್ನೂ ಮನುಷ್ಯರಿಗೆ ಕೊಡಬಹುದೆಂದು ಕೆಲವರ ಅಭಿಪ್ರಾಯವನ್ನು ಸೂಚಿಸಿದೆ. ಹೊಸ ಗುಗ್ಗುಳವು ಮೈಯನ್ನು ತುಂಬಿಸುತ್ತದೆ, ಹಳೆಯದು ಕೊಬ್ಬನ್ನು ಕೆರೆದು ತೆಗೆಯುತ್ತದೆ ಎಂಬುದು ವೈದ್ಯರಲ್ಲಿ ಪ್ರಸಿದ್ಧವಾದ ಭೇದ. ಗುಗ್ಗುಳವನ್ನು ಸೇವಿಸುವವರು ಹುಳಿ, ಖಾರ, ಮದ್ಯ, ಅತಿಶ್ರಮ, ಬಿಸಿಲು, ಕೋಪ ಇವುಗಳನ್ನು ಬಿಡತಕ್ಕದ್ದೆಂಬ ಪಥ್ಯವೂ ಗ್ರಂಥಗಳಲ್ಲಿದೆ.

ಗಿಡದಿಂದ ಬಂದ ಗೋಂದನ್ನು ಹಾಗೆಯೇ ಔಷಧಕ್ಕೆ ಉಪಯೋಗಿಸುವ ಪದ್ಧತಿಯಿಲ್ಲ. ಅದರಲ್ಲಿ ತೊಗಟೆಯ ಚೂರು, ಮರಳು, ಕಸ ಸೇರಿರುವುವು. ಆದಕಾರಣ ಗುಗ್ಗುಳವನ್ನು ಬಟ್ಟೆಯಲ್ಲಿ ಗಂಟುಕಟ್ಟಿ, ತ್ರಿಫಲೆಯ ಕಷಾಯವಿರುವ ಪಾತ್ರೆಯಲ್ಲಿ ತೂಗುಬಿಟ್ಟು ಕುದಿಸುತ್ತಾರೆ. ಗೋಂದು ಕರಗಿ ಕಷಾಯದಲ್ಲಿ ಇಳಿಯುತ್ತದೆ. ಕಸವು ಬಟ್ಟೆಯಲ್ಲಿ ಉಳಿಯುತ್ತದೆ. ಆಮೇಲೆ ಕಷಾಯವನ್ನು ಇಂಗಿಸಿ, ಒಣಗಿಸಿ, ತುಪ್ಪ ಬೆರೆಸಿ ಕುಟ್ಟುತ್ತಾರೆ. ಗೋಮೂತ್ರದಲ್ಲಿ ಶೋಧಿಸುವ ಕ್ರಮವೂ ಉಂಟು.

ಮರುಭೂಮಿಯ ಹಳ್ಳಿಗರಿಗೆ ಈ ಗಿಡವು ಬರಿಯ ಗ್ರಂಥದ ಔಷಧವಲ್ಲ. ಊತ ಬಂದ ಕಡೆ ಗೋಂದನ್ನು ಅರೆದು ಹಚ್ಚುವುದು, ಬಾಯಿಹುಣ್ಣಿಗೂ ವಸಡಿನ ನೋವಿಗೂ ಅದರ ನೀರಿನಿಂದ ಬಾಯಿ ಮುಕ್ಕಳಿಸುವುದು, ಮನೆಯಲ್ಲಿಯೂ ಕೊಟ್ಟಿಗೆಯಲ್ಲಿಯೂ ಸೊಳ್ಳೆ ನೊಣಗಳನ್ನು ಓಡಿಸಲು ಹೊಗೆ ಹಾಕುವುದು ಅಲ್ಲಿಯ ರೂಢಿ. ಮುಳ್ಳುಗಿಡವಾದುದರಿಂದ ಹೊಲಕ್ಕೆ ಬೇಲಿಯಾಗಿಯೂ ಒದಗುತ್ತದೆ.

ಈಚಿನ ಪರೀಕ್ಷೆಗಳು

ಸುಶ್ರುತನು ಮೇದೋರೋಗವನ್ನು ವಿವರಿಸಿರುವ ಕ್ರಮವು ರಕ್ತನಾಳಗಳಲ್ಲಿ ಕೊಬ್ಬು ಸೇರುವ ವ್ಯಾಧಿಯನ್ನು ಹೋಲುವುದನ್ನು ಗಮನಿಸಿ, ಡಾಕ್ಟರ್ ಜಿ. ವಿ. ಸತ್ಯವತಿಯವರು ಕಾಶಿಯ ಹಿಂದೂ ವಿಶ್ವವಿದ್ಯಾನಿಲಯದಲ್ಲಿ ಗುಗ್ಗುಳವನ್ನು ಮೊಲಗಳ ಮೇಲೆ ಪರೀಕ್ಷಿಸಿ ೧೯೬೬ರಲ್ಲಿ ತಮ್ಮ ಪ್ರಬಂಧವನ್ನು ಸಲ್ಲಿಸಿದರು. ಗುಗ್ಗುಳವು ರಕ್ತದ ಕೊಬ್ಬನ್ನು ತಗ್ಗಿಸುತ್ತದೆಂದು ಅದರಲ್ಲಿ ಕಂಡುಬಂದಿತು. ಇದರಿಂದ ದೇಶದ ಹಲವು ಪ್ರಯೋಗಶಾಲೆಗಳಲ್ಲಿ ಸಂಶೋಧನೆ ನಡೆದು, ಲಕ್ನೋದ ಕೇಂದ್ರ ಔಷಧ ಸಂಶೋಧನಾಲಯದ ಶ್ರಮದಿಂದ ‘ಗುಗ್ಗುಲಿಪಿಡ್’ ಎಂಬ ಔಷಧವು ೧೯೮೦ರ ದಶಕದಲ್ಲಿ ಪೇಟೆಗೆ ಬಂದಿತು. ಗುಗ್ಗುಲ್‌ಸ್ಟೆರಾನ್ ಎಂಬ ದ್ರವ್ಯವು ಇದರ ಮುಖ್ಯ ಸತ್ತ್ವವೆಂದು ನಿರ್ಧರಿಸಿದರು.

ಆದರೆ ಮುಂದಿನ ಪರೀಕ್ಷೆಗಳೆಲ್ಲವೂ ಒಂದೇ ಉತ್ತರವನ್ನು ಕೊಡಲಿಲ್ಲ. ಅಮೆರಿಕದಲ್ಲಿ ೧೦೩ ಮಂದಿಗೆ ೮ ವಾರಗಳ ಕಾಲ ನಡೆಸಿ ೨೦೦೩ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ ರಕ್ತದ ಕೆಟ್ಟ ಕೊಬ್ಬು ತಗ್ಗುವುದಕ್ಕೆ ಬದಲಾಗಿ ಸ್ವಲ್ಪ ಏರಿತು. ಕೆಲವರಿಗೆ ಚರ್ಮದ ಮೇಲೆ ದದ್ದುಗಳೂ ಎದ್ದುವು. ಆದುದರಿಂದ ಗುಗ್ಗುಳವು ಸರ್ವರೋಗಹರವೆಂದು ಸಾರುವ ಜಾಹೀರಾತುಗಳನ್ನು ನಂಬಿ, ವೈದ್ಯರನ್ನು ಕೇಳದೆ, ಇದನ್ನು ಸೇವಿಸುವುದು ವಿವೇಕವಲ್ಲ. ಗರ್ಭಿಣಿಯರು ಇದನ್ನು ಸೇವಿಸಬಾರದು. ಹೃದಯದ ವ್ಯಾಧಿಗೂ ರಕ್ತದೊತ್ತಡಕ್ಕೂ ಬೇರೆ ಔಷಧಿಗಳನ್ನು ತೆಗೆದುಕೊಳ್ಳುತ್ತಿರುವವರು ವೈದ್ಯರಿಗೆ ಆ ಸಂಗತಿಯನ್ನು ಮೊದಲೇ ತಿಳಿಸತಕ್ಕದ್ದು.

ಗೋಂದು ತೆಗೆಯುವ ಕ್ರಮ

ಗುಗ್ಗುಳದ ತೊಗಟೆಯೊಳಗೆ ಸೂಕ್ಷ್ಮವಾದ ನಾಳಗಳಿವೆ. ತೊಗಟೆಗೆ ಗಾಯವಾದಾಗ ಆ ನಾಳಗಳಲ್ಲಿರುವ ಹಾಲಿನಂಥ ರಸವು ಹೊರಕ್ಕೆ ಬಂದು, ಗಾಳಿಗೆ ಗಟ್ಟಿಯಾಗಿ, ಗಾಯವನ್ನು ಮುಚ್ಚುತ್ತದೆ. ಗಿಡವು ತನ್ನ ರಕ್ಷಣೆಗಾಗಿ ಮಾಡಿಕೊಳ್ಳುವ ಈ ಕಟ್ಟೇ ಮನುಷ್ಯನಿಗೆ ಔಷಧ. ಆದಕಾರಣ ಗಾಯವಿಲ್ಲದೆ ಗೋಂದಿಲ್ಲ. ಗಾಯವು ಮಿತಿ ಮೀರಿದರೆ ಗಿಡವೇ ಇಲ್ಲ. ಗುಗ್ಗುಳದ ಕೃಷಿಯ ರಹಸ್ಯವೆಲ್ಲವೂ ಈ ಎರಡು ಮಾತುಗಳ ನಡುವೆ ಇದೆ.

ಗಿಡವು ಗೋಂದಿಗೆ ಸಿದ್ಧವಾಗಲು ೮ ರಿಂದ ೧೦ ವರ್ಷಗಳು ಬೇಕು. ಚಳಿಗಾಲದ ಡಿಸೆಂಬರ್ ತಿಂಗಳಿಂದ ಬೇಸಿಗೆಯ ಮೇ ತಿಂಗಳವರೆಗೆ, ಎಂದರೆ ಗಿಡವು ಎಲೆಯುದುರಿಸಿ ನಿಂತಿರುವ ಒಣ ಕಾಲದಲ್ಲಿ, ಗೋಂದು ತೆಗೆಯುತ್ತಾರೆ. ದಪ್ಪವಾದ ಕಾಂಡವನ್ನು ಆರಿಸಿ, ಹರಿತವಾದ ಚೂರಿಯಿಂದ ತೊಗಟೆಯಲ್ಲಿ ಗೀರು ಹಾಕತಕ್ಕದ್ದು. ಗೀರಿನ ಆಳವು ತೊಗಟೆಯ ದಪ್ಪವನ್ನು ಎಂದಿಗೂ ಮೀರಬಾರದು. ಚೂರಿಯು ಕಟ್ಟಿಗೆಯನ್ನು ಮುಟ್ಟಿದರೆ ಗಾಯವು ಮಾಯುವುದು ಕಷ್ಟ. ಕಾಂಡದ ಸುತ್ತಲೂ ತೊಗಟೆಯು ಪೂರ್ತಿಯಾಗಿ ಕಡಿದುಹೋದರೆ ಬೇರಿಗೆ ಆಹಾರವು ಇಳಿಯುವ ದಾರಿಯೇ ಮುಚ್ಚಿಹೋಗುತ್ತದೆ. ಸುಮಾರು ೧೦ ರಿಂದ ೧೫ ದಿನಗಳಿಗೊಮ್ಮೆ ಗಟ್ಟಿಯಾದ ಗೋಂದನ್ನು ಬಿಡಿಸಿ ತೆಗೆಯುತ್ತಾರೆ. ಚೆನ್ನಾಗಿ ಬೆಳೆದ ಗಿಡದಿಂದ ಒಂದು ಋತುವಿನಲ್ಲಿ ಅರ್ಧ ಕಿಲೋಗ್ರಾಮಿನಷ್ಟು ಅಥವಾ ಅದಕ್ಕಿಂತ ಸ್ವಲ್ಪ ಹೆಚ್ಚು ಗೋಂದು ದೊರೆಯಬಹುದು. ಸಣ್ಣ ಗಿಡಗಳಲ್ಲಿ ಇದಕ್ಕಿಂತ ಕಡಮೆ.

ನೆಲಕ್ಕೆ ಬಿದ್ದ ಗೋಂದಿಗೆ ಮರಳು ಹತ್ತಿ ಬೆಲೆ ಇಳಿಯುತ್ತದೆ. ಆದಕಾರಣ ಗೀರಿನ ಕೆಳಗೆ ಎಲೆಯನ್ನೋ ಬಟ್ಟೆಯನ್ನೋ ಕಟ್ಟಿ ಗೋಂದನ್ನು ಹಿಡಿಯುವುದು ಲೇಸು. ದಪ್ಪ ಕೊಂಬೆಗಳಿಂದ ಬಂದ, ಹೊಂಬಣ್ಣದ, ಬೆಳಕು ಹಾಯುವ ಹರಳುಗಳಿಗೆ ಮೊದಲನೆಯ ದರ್ಜೆಯ ಬೆಲೆ. ತೊಗಟೆ ಮರಳುಗಳು ಬೆರೆತುದು ಎರಡನೆಯ ದರ್ಜೆ. ನೆಲದಿಂದ ಬಳಿದ, ಕಲ್ಲುಮಣ್ಣು ಕೂಡಿದುದು ಕೊನೆಯ ದರ್ಜೆ.

ಗಿಡದ ನಾಶಕ್ಕೆ ಕಾರಣಗಳು

ಕಚ್ಛ ಮೊದಲಾದ ಕಡೆಗಳಲ್ಲಿ ಹೆಚ್ಚು ಗೋಂದು ಬರಲೆಂದು ಗೀರಿಗೆ ಒಂದು ಲೇಪವನ್ನು ಹಚ್ಚುವ ರೂಢಿ ಬೆಳೆಯಿತು. ಗುಗ್ಗುಳದ ಗೋಂದು, ಕುದುರೆಯ ಅಥವಾ ಕಾಡುಕತ್ತೆಯ ಮೂತ್ರ, ಮೈಲುತುತ್ತ ಇವುಗಳನ್ನು ಕಲಸಿದ ಲೇಪವದು. ಇದನ್ನು ಹಚ್ಚಿದ ಗಿಡವು ಒಂದೇ ಋತುವಿನಲ್ಲಿ ಬಹಳ ಗೋಂದನ್ನು ಸುರಿಸುತ್ತದೆ. ಆದರೆ ಬೇಗನೆ ಒಣಗಿ ಸಾಯುತ್ತದೆ. ಹತ್ತು ವರ್ಷ ಬೆಳೆದ ಗಿಡವನ್ನು ಒಂದು ಬೇಸಿಗೆಯ ಲಾಭಕ್ಕಾಗಿ ತೆತ್ತಂತಾಯಿತು.

ಇದನ್ನು ಗೋಂದು ತೆಗೆಯುವವರ ಅಜ್ಞಾನವೆಂದು ಹೇಳಿಬಿಡುವುದು ಸುಲಭ. ಆದರೆ ನಿಜವಾದ ಕಾರಣವು ಬೇರೆ. ಗುಗ್ಗುಳದ ಗಿಡಗಳು ಬಹುಮಟ್ಟಿಗೆ ಯಾರ ಹೊಲದಲ್ಲಿಯೂ ಇಲ್ಲ. ಬಂಜರು, ಗೋಮಾಳ, ಗುಡ್ಡಗಳಲ್ಲಿವೆ. ಇಂದು ಒಬ್ಬನು ಗಿಡದ ಮೇಲಿನ ಕನಿಕರದಿಂದ ಒಂದೇ ಗೀರು ಹಾಕಿ ಹೋದರೆ, ನಾಳೆ ಮತ್ತೊಬ್ಬನು ಬಂದು ಹತ್ತು ಗೀರು ಹಾಕಿ ಉಳಿದ ಗೋಂದನ್ನೂ ತೆಗೆದುಕೊಂಡು ಹೋಗುವನು. ಗಿಡವನ್ನು ಉಳಿಸಿದವನಿಗೆ ನಷ್ಟ, ಕೊಂದವನಿಗೆ ಲಾಭವೆಂದಾದಲ್ಲಿ ಬಡವನಿಗೆ ಬುದ್ಧಿ ಹೇಳಿ ಪ್ರಯೋಜನವಿಲ್ಲ. ಬೇಸಿಗೆಯಲ್ಲಿ ಬೇರೆ ಕೂಲಿಯಿಲ್ಲದ ಆ ಸೀಮೆಯಲ್ಲಿ ಗೋಂದಿನ ಹಣದಿಂದಲೇ ಮನೆಯ ಕಾಳು ಬರುತ್ತದೆಂಬುದನ್ನೂ ಮರೆಯಲಾಗದು.

ಇದರ ಜೊತೆಗೆ ಗಣಿಗಳಿಗಾಗಿ ಗುಡ್ಡಗಳನ್ನು ಅಗೆಯುವುದು, ಕಟ್ಟಿಗೆಗಾಗಿ ಕಡಿಯುವುದು, ಎಳೆಯ ಸಸಿಗಳನ್ನು ಮೇಕೆಗಳು ಮೇಯುವುದು ಇವೂ ಸೇರಿವೆ. ನಮ್ಮಲ್ಲಿ ಬಳ್ಳಾರಿ ಜಾಲಿಯೆಂದೂ, ಕಚ್ಛದಲ್ಲಿ ‘ಗಾಂಡೋ ಬಾವಳ’ ಅಥವಾ ಹುಚ್ಚು ಜಾಲಿಯೆಂದೂ ಕರೆಯುವ ಪರದೇಶದ ಮುಳ್ಳುಗಿಡವು ಹಬ್ಬಿ ಗುಗ್ಗುಳದ ನೆಲೆಯನ್ನು ಆಕ್ರಮಿಸಿರುವುದೂ ಒಂದು ಕಾರಣ. ಔಷಧಾಲಯಗಳ ಬೇಡಿಕೆಯು ಮಾತ್ರ ಏರುತ್ತಲೇ ಬಂದಿತು. ದೇಶದ ಗೋಂದು ಸಾಲದೆ ಬಹುಕಾಲ ಪಾಕಿಸ್ತಾನದ ಕಡೆಯಿಂದ ತರಿಸಿಕೊಳ್ಳಲಾಗುತ್ತಿತ್ತು.

ಗಿಡ ಬೆಳೆಸುವ ಕ್ರಮ

ಆದಕಾರಣ ಗುಗ್ಗುಳವನ್ನು ಕಾಡಿನಿಂದ ಹೊಲಕ್ಕೆ ತರುವುದೇ ಅದನ್ನು ಉಳಿಸುವ ಮುಖ್ಯ ದಾರಿ. ತನ್ನ ಹೊಲದ ಬದುವಿನಲ್ಲಿರುವ ಗಿಡವನ್ನು ಯಾವ ರೈತನೂ ಒಂದು ವರ್ಷದ ಆಸೆಗೆ ಕೊಲ್ಲುವುದಿಲ್ಲ.

ಬೀಜದಿಂದ ಸಸಿ ಮಾಡುವುದು ಸುಲಭವಲ್ಲ. ಹಣ್ಣಿನಲ್ಲಿ ಕಪ್ಪು ಮತ್ತು ಬಿಳುಪುಮಿಶ್ರಿತ ಹಳದಿ ಎಂದು ಎರಡು ಬಣ್ಣದ ಬೀಜಗಳಿರುತ್ತವೆ. ಇವುಗಳಲ್ಲಿ ಕಪ್ಪು ಬೀಜಗಳನ್ನೇ ಆರಿಸಿಕೊಳ್ಳತಕ್ಕದ್ದು. ಮತ್ತೊಂದು ಬಗೆಯವು ಮೊಳೆಯುವುದಿಲ್ಲ. ಕಪ್ಪು ಬೀಜಗಳಲ್ಲಿಯೂ ಮೊಳೆಯುವುವು ಕೆಲವೇ. ಆದರೂ ಬೀಜದಿಂದ ಹುಟ್ಟಿದ ಗಿಡವು ಬಿರುಗಾಳಿಯನ್ನು ಚೆನ್ನಾಗಿ ತಡೆಯುತ್ತದೆ.

ಸಾಮಾನ್ಯವಾಗಿ ಅನುಸರಿಸತಕ್ಕ ಕ್ರಮವು ಕೊಂಬೆಯ ತುಂಡುಗಳನ್ನು ನೆಡುವುದು. ಬೆರಳಿನಷ್ಟು ದಪ್ಪವಾದ, ಬಲಿತ, ರೋಗವಿಲ್ಲದ ಕೊಂಬೆಗಳನ್ನು ಆರಿಸಿ, ಸುಮಾರು ಒಂದು ಅಡಿ ಉದ್ದದ ತುಂಡುಗಳನ್ನಾಗಿ ಮಾಡಿ, ಬುಡವನ್ನು ಬೇರು ಬರಿಸುವ ಔಷಧಿಯಲ್ಲಿ ಅದ್ದಿ, ಜೂನ್ ಜುಲೈ ತಿಂಗಳುಗಳಲ್ಲಿ ಗೊಬ್ಬರ ಬೆರೆಸಿದ ಮಡಿಗಳಲ್ಲಿ ನೆಡತಕ್ಕದ್ದು. ಹದಿನೈದು ದಿನಗಳೊಳಗಾಗಿ ಚಿಗುರು ಕಾಣುತ್ತದೆ. ಮಡಿಗೆ ಹದವಾಗಿ ಮಾತ್ರ ನೀರು ಕೊಡಬೇಕು. ನೀರು ಹೆಚ್ಚಾದರೆ ತುಂಡುಗಳು ಕೊಳೆಯುತ್ತವೆ. ಮುಂದಿನ ವರ್ಷದ ಮಳೆಗಾಲಕ್ಕೆ ಸಸಿಗಳು ನಾಟಿಗೆ ಸಿದ್ಧವಾಗುತ್ತವೆ.

ಸಾಲಿನಿಂದ ಸಾಲಿಗೂ ಗಿಡದಿಂದ ಗಿಡಕ್ಕೂ ಸುಮಾರು ೧೦ ಅಡಿ ಅಂತರವಿರುವಂತೆ ಗುಂಡಿಗಳನ್ನು ತೋಡಿ, ಕೊಟ್ಟಿಗೆಗೊಬ್ಬರವನ್ನೂ ಮೇಲ್ಮಣ್ಣನ್ನೂ ತುಂಬಿ ನೆಡಬೇಕು. ಗೆದ್ದಲು ಈ ಗಿಡದ ದೊಡ್ಡ ಶತ್ರು. ಗುಂಡಿಗೆ ಬೇವಿನ ಹಿಂಡಿಯನ್ನು ಬೆರೆಸುವುದರಿಂದ ಅದರ ಕಾಟವು ತಗ್ಗುತ್ತದೆ. ಮೊದಲನೆಯ ಎರಡು ಬೇಸಿಗೆಗಳಲ್ಲಿ ಆಗಾಗ್ಗೆ ನೀರು ಕೊಟ್ಟು, ದನ ಮೇಕೆಗಳಿಂದ ಕಾಪಾಡಿದರೆ ಆಮೇಲೆ ಹೆಚ್ಚಿನ ಆರೈಕೆ ಬೇಕಿಲ್ಲ. ಅಜ್ಮೀರದ ಬಳಿ ಮಂಗಲಿಯಾವಾಸದಲ್ಲಿ ಗುಗ್ಗುಳಕ್ಕೆಂದೇ ತೋಟವೊಂದನ್ನು ಬೆಳೆಸಲಾಗಿದೆ. ಜೋಧಪುರದ ಕೇಂದ್ರೀಯ ಮರುಭೂಮಿ ಸಂಶೋಧನಾಲಯದಲ್ಲಿಯೂ ಈ ಗಿಡದ ಬಗ್ಗೆ ಪ್ರಯೋಗಗಳು ನಡೆದಿವೆ.

ಕಲಬೆರಕೆಯ ವಿಷಯ

ನಿಜವಾದ ಗುಗ್ಗುಳವು ವಿರಳವಾದಂತೆಲ್ಲ ಕಲಬೆರಕೆಯು ಹೆಚ್ಚಿತು. ಸಲ್ಲಕೀ ಮರದ ಗೋಂದು, ಜಾಲಿಯ ಅಂಟು ಮೊದಲಾದುವನ್ನು ಅದಕ್ಕೆ ಬೆರೆಸುವುದುಂಟು. ಕೆಳದರ್ಜೆಯ ಸರಕಿನ ಮೇಲೆ ಹರಳೆಣ್ಣೆಯನ್ನು ಚಿಮುಕಿಸಿ ಹೊಳಪು ಬರಿಸುವುದೂ ಉಂಟು. ನಮ್ಮ ಮಲೆನಾಡಿನಲ್ಲಿ ಹಾಲುಮಡ್ಡಿಯ ಹೆಮ್ಮರವನ್ನು ಗುಗ್ಗುಳಧೂಪವೆಂದು ಕರೆಯುವುದರಿಂದ, ಅದನ್ನೂ ಮರುಭೂಮಿಯ ಗುಗ್ಗುಳವನ್ನೂ ಒಂದೇ ಎಂದು ಭಾವಿಸುವ ತಪ್ಪು ನಡೆಯುತ್ತದೆ. ಹಾಲುಮಡ್ಡಿಯು ಊದುಬತ್ತಿಗೆ ಒಳ್ಳೆಯ ಪದಾರ್ಥವೇ ಸರಿ. ಆದರೆ ಯೋಗರಾಜ ಗುಗ್ಗುಲುವಿಗೆ ಸೇರತಕ್ಕ ಔಷಧವಲ್ಲ. ಒಳ್ಳೆಯ ಗುಗ್ಗುಳವು ಬೆಂಕಿಯಲ್ಲಿ ಉರಿಯುತ್ತದೆ, ಬಿಸಿಲಿಗೆ ಮೆತ್ತಗಾಗಿ ಕರಗುತ್ತದೆ, ಬಿಸಿನೀರಿನಲ್ಲಿ ಹಾಲಿನಂತಾಗುತ್ತದೆ ಎಂಬುದು ಹಿಂದಿನವರು ಹೇಳಿದ ಪರೀಕ್ಷೆ. ಇದರಿಂದ ಮೇಲುನೋಟದ ನಿರ್ಣಯವನ್ನು ಮಾಡಬಹುದು. ಖಂಡಿತವಾದ ನಿರ್ಣಯಕ್ಕೆ ಪ್ರಯೋಗಶಾಲೆಯ ಪರೀಕ್ಷೆಯೇ ಬೇಕು.

ಒಣ ಸೀಮೆಯ ರೈತರಿಗೆ ಸೂಚನೆ

ಕನ್ನಡನಾಡಿನ ಒಣ ಸೀಮೆಯ ರೈತರು ಈ ಗಿಡವನ್ನು ಮುಖ್ಯ ಬೆಳೆಯೆಂದು ಎಣಿಸಿ ಜೋಳ ಸಜ್ಜೆಗಳ ಹೊಲವನ್ನು ಇದಕ್ಕೆ ಬಿಟ್ಟುಕೊಡುವುದು ಉಚಿತವಲ್ಲ. ಹತ್ತು ವರ್ಷ ಕಾಯತಕ್ಕ ಗಿಡದಿಂದ ವರ್ಷದ ಊಟವು ಹುಟ್ಟಲಾರದು. ಆದರೆ ಬೇಲಿಯ ಸಾಲು, ಕಲ್ಲುಬದು, ಬೇಸಾಯಕ್ಕೆ ಬಾರದ ಗೊರಚು ಮೂಲೆ ಇವು ಎಲ್ಲ ರೈತರಿಗೂ ಉಂಟು. ಅಲ್ಲಿ ಹತ್ತಿಪ್ಪತ್ತು ಗಿಡಗಳನ್ನು ನೆಟ್ಟರೆ ಬೇಲಿಯ ಕೆಲಸವು ಮೊದಲು ನಡೆಯುವುದು, ಗೋಂದಿನ ಆದಾಯವು ಕಾಲಾಂತರದಲ್ಲಿ ಬರುವುದು. ನೆಡುವುದಕ್ಕೆ ಮುಂಚೆ ಸಸಿಗಳು ನಿಜವಾದ ಗುಗ್ಗುಳದವೇ ಎಂಬುದನ್ನೂ, ಗೋಂದನ್ನು ಕೊಳ್ಳುವವರು ಯಾರೆಂಬುದನ್ನೂ ವಿಚಾರಿಸಿಕೊಳ್ಳತಕ್ಕದ್ದು. ಕಾಡಿನಲ್ಲಿಯೋ ಗುಡ್ಡದಲ್ಲಿಯೋ ಈ ಗಿಡವು ಕಂಡುಬಂದಲ್ಲಿ ಅದನ್ನು ಕಡಿಯದೆ, ಕೀಳದೆ, ಅರಣ್ಯ ಇಲಾಖೆಯವರಿಗೆ ತಿಳಿಸುವುದು ಉಪಕಾರ.

ಗೋಂದು ತೆಗೆಯುವ ಕಾಲ ಬಂದಾಗ ನೆನಪಿಡತಕ್ಕ ನಿಯಮಗಳು ನಾಲ್ಕೇ. ಎಂಟು ವರ್ಷಕ್ಕಿಂತ ಎಳೆಯ ಗಿಡಕ್ಕೆ ಚೂರಿಯನ್ನು ತಾಗಿಸಬಾರದು. ಗೀರು ತೊಗಟೆಯನ್ನು ದಾಟಬಾರದು. ಗೀರಿಗೆ ಮೈಲುತುತ್ತ ಮೊದಲಾದ ಯಾವ ಲೇಪವನ್ನೂ ಹಚ್ಚಬಾರದು. ಒಂದು ವರ್ಷ ಗೋಂದು ಕೊಟ್ಟ ಗಿಡದ ಗಾಯಗಳು ಪೂರ್ತಿಯಾಗಿ ಮಾಯುವ ತನಕ ಅದಕ್ಕೆ ವಿಶ್ರಾಂತಿ ಕೊಡಬೇಕು. ಈ ನಾಲ್ಕನ್ನು ಪಾಲಿಸಿದವನ ಗಿಡವು ಅವನ ಕಾಲಕ್ಕೂ, ಅವನ ಮಕ್ಕಳ ಕಾಲಕ್ಕೂ ಗೋಂದನ್ನು ಕೊಡುತ್ತಿರುವುದು.